ರೈಲು ಬರಲಿಲ್ಲ, ಊರು ಅಳಿಯಲಿಲ್ಲ

ಪುರಸಭೆ ಇಲ್ಲ, ಅಂಚೆ ಕಚೇರಿ ಇಲ್ಲ, ಶಾಲೆಯೂ ಇಲ್ಲ. 2020ರ ಜನಗಣತಿಗೆ ಇಲ್ಲಿ ಸಿಕ್ಕವರು ಬರೀ 14 ಮಂದಿ. ಆದರೂ ಪ್ರತಿ ಜುಲೈ ಕೊನೆಗೆ ನೂರಾರು ಜನ ‘ಊರಿಗೆ’ ಎಂದು ಹೊರಡುವುದು ಇಲ್ಲಿಗೇ. ಗುಲಾಮಗಿರಿಯಿಂದ ಬಿಡುಗಡೆ ಪಡೆದವರು ಅಮೆರಿಕದ ಹುಲ್ಲುಬಯಲಿನಲ್ಲಿ ಕಟ್ಟಿದ ನಿಕೋಡೀಮಸ್‌ಗೆ 2027ರಲ್ಲಿ 150 ವರ್ಷ ತುಂಬುತ್ತದೆ.

1878ರ ವಸಂತ. ಕ್ಯಾನ್ಸಸ್ ರಾಜ್ಯದ ಎಲಿಸ್ ರೈಲು ನಿಲ್ದಾಣದಿಂದ ಗಾಡಿಗಳ ಸಾಲೊಂದು ಉತ್ತರಕ್ಕೆ ಹೊರಟಿತು. ರಸ್ತೆ ಎಂಬುದಿರಲಿಲ್ಲ. ಜಿಂಕೆಗಳ ಜಾಡು, ಬೈಸನ್‌ಗಳು ಹೊರಳಾಡಿ ಮಾಡಿದ ಗುಂಡಿಗಳು, ಕೈಯಲ್ಲೊಂದು ದಿಕ್ಸೂಚಿ. ಇಷ್ಟನ್ನೇ ನಂಬಿ ಸುಮಾರು 50 ಕಿಲೋಮೀಟರ್ ಸಾಗಬೇಕು. ರಾತ್ರಿ ಗಂಡಸರು ಬೆಂಕಿ ಹಾಕಿ ಸುತ್ತ ಕೂತು, ಕಾಡುಮೃಗಗಳು ಹತ್ತಿರ ಸುಳಿಯದಿರಲೆಂದು ಆಗಾಗ ಗುಂಡು ಹಾರಿಸುತ್ತಿದ್ದರು.

ಗಾಡಿಯಲ್ಲಿದ್ದವರು ದೂರದ ಕೆಂಟಕಿಯ ಜಾರ್ಜ್‌ಟೌನ್ ಸೀಮೆಯವರು. ಹದಿಮೂರು ವರ್ಷದ ಹಿಂದಿನವರೆಗೂ ಅವರಲ್ಲಿ ಹೆಚ್ಚಿನವರು ಇನ್ನೊಬ್ಬರ ಸೊತ್ತು. ಎಲಿಸ್‌ನಲ್ಲಿ ಇಳಿದ ಕೂಡಲೇ ಗುಂಪಿಗೆ ದಡಾರ ತಗುಲಿ ಕೆಲವು ಮಕ್ಕಳು ತೀರಿಕೊಂಡಿದ್ದವು. ಆ ಮಕ್ಕಳನ್ನು ಪರಸ್ಥಳದ ಮಣ್ಣಿಗೆ ಒಪ್ಪಿಸಿ ತಂದೆತಾಯಿಗಳು ಮತ್ತೆ ಗಾಡಿ ಏರಿದ್ದರು.

ಎರಡನೆಯ ದಿನ ಮಧ್ಯಾಹ್ನ ಗಂಡಸರು ಊರು ಬಂತೆಂದು ಕೂಗು ಹಾಕಿದರು. ಪಾದ್ರಿ ಡೇನಿಯಲ್ ಹಿಕ್‌ಮನ್ ಅವರ ಹೆಂಡತಿ ವಿಲಿಯಾನಾ ತಲೆ ಎತ್ತಿ ನೋಡಿದರು. ಮನೆ ಕಾಣಲಿಲ್ಲ, ಮರ ಕಾಣಲಿಲ್ಲ. ಎಲ್ಲಿದೆ ಊರು ಎಂದು ಕೇಳಿದಾಗ ಗಂಡ ನೆಲದತ್ತ ಕೈ ತೋರಿಸಿದರು. ಅಲ್ಲಲ್ಲಿ ಮಣ್ಣಿನೊಳಗಿಂದ ಹೊಗೆ ಏಳುತ್ತಿತ್ತು. ಜನ ನೆಲದಡಿಯ ಗುಂಡಿಗಳಲ್ಲಿ ವಾಸವಾಗಿದ್ದರು. ಅದನ್ನು ಕಂಡು ತಾನು ಅತ್ತುಬಿಟ್ಟೆ ಎಂದು ವಿಲಿಯಾನಾ ಮುಪ್ಪಿನಲ್ಲಿ ನೆನಪಿಸಿಕೊಂಡಿದ್ದಾರೆ. ಅವರ ಆ ನೆನಪಿನಿಂದಾಗಿಯೇ ಈ ಊರಿನ ಮೊದಲ ನೋಟ ಇತಿಹಾಸಕ್ಕೆ ಉಳಿಯಿತು.

ಅತ್ತವರು ಹಿಂದಿರುಗಿ ಹೋಗಲಿಲ್ಲ ಎಂಬುದು ಮುಂದಿನ ಕಥೆ.

ನೂರನೆಯ ರೇಖಾಂಶದ ಅಂಚಿನಲ್ಲಿ

ಅಮೆರಿಕದ ನಕ್ಷೆಯ ಹೆಚ್ಚೂಕಡಿಮೆ ನಟ್ಟನಡುವೆ ಕ್ಯಾನ್ಸಸ್ ಇದೆ. ಅದರ ವಾಯವ್ಯ ಭಾಗದ ಗ್ರಹಾಂ ಕೌಂಟಿಯಲ್ಲಿ, 24ನೇ ಹೆದ್ದಾರಿಯ ಪಕ್ಕದಲ್ಲಿ ನಿಕೋಡೀಮಸ್. ದಕ್ಷಿಣಕ್ಕೆ ಸೌತ್ ಸಾಲೊಮನ್ ನದಿ. ಮಳೆಗಾಲ ಬಿಟ್ಟರೆ ಅದು ನದಿ ಎನ್ನಿಸಿಕೊಳ್ಳಲು ಹೆಣಗುವ ತೆಳುವಾದ ಹರಿವು. ಪಶ್ಚಿಮಕ್ಕೆ ಕೌಂಟಿಯ ಆಡಳಿತ ಕೇಂದ್ರ ಹಿಲ್ ಸಿಟಿ, ಪೂರ್ವಕ್ಕೆ ಪಕ್ಕದ ಕೌಂಟಿಯ ಸ್ಟಾಕ್ಟನ್. ನಡುವೆಲ್ಲ ಗೋಧಿ, ಜೋಳ, ಹುಲ್ಲು ಮತ್ತು ಗಾಳಿ.

ಈ ನೆಲವನ್ನು ಅರಿಯಲು ಒಂದು ಗೆರೆಯನ್ನು ನೆನಪಿಟ್ಟುಕೊಳ್ಳಬೇಕು. ಅದು ಪಶ್ಚಿಮದ ನೂರನೆಯ ರೇಖಾಂಶ. ಅದರ ಪೂರ್ವಕ್ಕೆ ಮಳೆ ನಂಬಿ ಬೇಸಾಯ ಮಾಡಬಹುದು, ಪಶ್ಚಿಮಕ್ಕೆ ವರ್ಷಕ್ಕೆ 20 ಇಂಚು ಮಳೆಯೂ ಖಾತ್ರಿಯಿಲ್ಲ. ನಿಕೋಡೀಮಸ್ ಆ ಗೆರೆಗೆ ತಾಗಿದಂತೆ, ತುಸುವೇ ಪೂರ್ವಕ್ಕಿದೆ. ಒಂದು ವರ್ಷ ಕೈತುಂಬ ಬೆಳೆ, ಮರುವರ್ಷ ಬಿತ್ತಿದ್ದೂ ಕೈಗೆ ಬಾರದು.

ಭೂಗರ್ಭ ತಜ್ಞ ಜಾನ್ ವೆಸ್ಲಿ ಪೊವೆಲ್ ಈ ಒಣ ಸೀಮೆಯಲ್ಲಿ 160 ಎಕರೆಯ ಹಿಡುವಳಿ ಸಂಸಾರವೊಂದಕ್ಕೆ ಸಾಲದು ಎಂದು ಸರ್ಕಾರಕ್ಕೆ ಎಚ್ಚರಿಕೆಯ ವರದಿ ಕೊಟ್ಟಿದ್ದು 1878ರಲ್ಲಿ. ಅಂದರೆ ಹಿಕ್‌ಮನ್ ಕುಟುಂಬ ಇಲ್ಲಿ ಬಂದಿಳಿದ ವರ್ಷದಲ್ಲೇ. ನೇಗಿಲು ಹೋದಲ್ಲಿಗೆ ಮಳೆ ಹಿಂಬಾಲಿಸಿಕೊಂಡು ಬರುತ್ತದೆ ಎಂದು ರೈಲು ಕಂಪನಿಗಳೂ ಜಮೀನು ದಲ್ಲಾಳಿಗಳೂ ಸಾರುತ್ತಿದ್ದ ಕಾಲ ಅದು. ಪೊವೆಲ್ ಮಾತು ಯಾರ ಕಿವಿಗೂ ಬೀಳಲಿಲ್ಲ.

ಐದು ಡಾಲರಿನ ಕರಪತ್ರ

1865ರಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡಿತು. ಆದರೆ ಬಿಡುಗಡೆಯಾದವರಿಗೆ ಜಮೀನು ಸಿಗಲಿಲ್ಲ. ಹಳೆಯ ಧಣಿಗಳ ಹೊಲದಲ್ಲೇ ಪಾಲಿಗೆ ದುಡಿದು, ಸಾಲದ ಲೆಕ್ಕಕ್ಕೆ ಸಿಲುಕಿ, ಬಿಡುಗಡೆ ಬಾಯಿಮಾತಾಗಿಯೇ ಉಳಿದಿತ್ತು. 1877ರಲ್ಲಿ ದಕ್ಷಿಣದ ರಾಜ್ಯಗಳಿಂದ ಒಕ್ಕೂಟದ ಸೇನೆ ಹಿಂದೆ ಸರಿಯಿತು. ಕರಿಯರಿಗೆ ಇದ್ದ ಅಷ್ಟಿಷ್ಟು ರಕ್ಷಣೆಯೂ ಹೋಯಿತು.

ಅದೇ ವರ್ಷ ಏಪ್ರಿಲ್‌ನಲ್ಲಿ ಏಳು ಮಂದಿ ಸೇರಿ ನಿಕೋಡೀಮಸ್ ಟೌನ್ ಕಂಪನಿ ಕಟ್ಟಿದರು. ಆರು ಮಂದಿ ಕರಿಯರು, ಒಬ್ಬ ಬಿಳಿಯ. ಡಬ್ಲ್ಯೂ. ಎಚ್. ಸ್ಮಿತ್ ಎಂಬ ಕರಿಯ ವಲಸಿಗ ಅದರ ಅಧ್ಯಕ್ಷ. ಡಬ್ಲ್ಯೂ. ಆರ್. ಹಿಲ್ ಎಂಬ ಬಿಳಿಯ, ಜಮೀನು ವ್ಯವಹಾರದಲ್ಲಿ ಪಳಗಿದ ಕೈ. ಪಕ್ಕದ ಹಿಲ್ ಸಿಟಿಗೆ ಆ ಹೆಸರು ಬಂದಿದ್ದು ಆತನಿಂದಲೇ. ಪಾದ್ರಿ ಸೈಮನ್ ರೌಂಡ್‌ಟ್ರೀ ಮೊದಲ ನಿವಾಸಿಯಾಗಿ ಜೂನ್‌ನಲ್ಲಿ ಬಂದು ನೆಲೆ ನಿಂತರು. ಗುಲಾಮನಾಗಿದ್ದಾಗ ಅಕ್ಷರ ಕಲಿತ ತಪ್ಪಿಗೆ ಅವರ ಕೆನ್ನೆಗೆ ಬರೆ ಹಾಕಿದ್ದರು ಎಂಬುದು ಊರಿನವರು ಇಂದಿಗೂ ಹೇಳುವ ಮಾತು.

ಕೆಂಟಕಿಯ ಲೆಕ್ಸಿಂಗ್ಟನ್, ಜಾರ್ಜ್‌ಟೌನ್ ಬೀದಿಗಳಲ್ಲಿ ಕರಪತ್ರಗಳು ಹರಿದಾಡಿದವು. ಐದು ಡಾಲರ್ ಕೊಟ್ಟರೆ ಸೆಪ್ಟೆಂಬರ್ 5ಕ್ಕೆ ಕ್ಯಾನ್ಸಸ್‌ಗೆ ಹೊರಡಬಹುದು ಎಂದು ಸಾರಿದ ಒಂದು ಕರಪತ್ರ ಇಂದಿಗೂ ಉಳಿದಿದೆ. ಸರ್ಕಾರದ 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ 160 ಎಕರೆ ಗುರುತಿಸಿ, ಸಣ್ಣ ಶುಲ್ಕ ಕಟ್ಟಿ, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ ಜಮೀನು ಸ್ವಂತದ್ದು. ಕ್ಯಾನ್ಸಸ್ ಎಂದರೆ ಗುಲಾಮಗಿರಿ ಬೇಡವೆಂದು ನೆತ್ತರು ಹರಿಸಿ ರಾಜ್ಯವಾದ ನಾಡು, ಜಾನ್ ಬ್ರೌನ್ ಹೋರಾಡಿದ ನೆಲ. ತಲೆಮಾರುಗಟ್ಟಲೆ ಇನ್ನೊಬ್ಬರ ಹತ್ತಿ ಬಿಡಿಸಿದ, ಸೆಣಬು ಬಡಿದ ಜನಕ್ಕೆ ‘ಸ್ವಂತ’ ಎಂಬ ಒಂದು ಮಾತು ಸಾಕಿತ್ತು.

ಸೆಪ್ಟೆಂಬರ್ 1877ರಲ್ಲಿ ಲೆಕ್ಸಿಂಗ್ಟನ್ ಸೀಮೆಯ 300ಕ್ಕೂ ಹೆಚ್ಚು ಮಂದಿ ಬಂದಿಳಿದರು. ಕರಪತ್ರದಲ್ಲಿ ಕಂಡ ಊರಿಗೂ ಕಣ್ಣೆದುರಿನ ಬಯಲಿಗೂ ಸಂಬಂಧವೇ ಇರಲಿಲ್ಲ. ಸಿಟ್ಟಿಗೆದ್ದವರು ಹಿಲ್‌ನನ್ನು ನೇಣಿಗೇರಿಸಲು ಹುಡುಕಿದರೆಂದೂ ಆತ ಅವಿತು ಜೀವ ಉಳಿಸಿಕೊಂಡನೆಂದೂ ಕಥೆಯಿದೆ. ಸುಮಾರು 60 ಕುಟುಂಬಗಳು ಬಂದ ದಾರಿಯಲ್ಲೇ ತಿರುಗಿ ಹೋದವು. ಹೋದವರನ್ನು ದೂರುವಂತಿಲ್ಲ. ಉಳಿದವರಲ್ಲಿ ಹಲವರಿಗೆ ಹಿಂದಿರುಗಲು ರೈಲಿನ ದುಡ್ಡೂ ಇರಲಿಲ್ಲ.

ನೆಲದಡಿಯ ಚಳಿಗಾಲ

ಮರವಿಲ್ಲದ ನಾಡಿನಲ್ಲಿ ಮನೆ ಕಟ್ಟುವುದು ಹೇಗೆ? ದಿಬ್ಬದ ಮಗ್ಗುಲನ್ನು ಕೊರೆದು ಒಳಗೆ ಸೇರಿಕೊಳ್ಳುವುದು. ಡಗೌಟ್ ಎಂದು ಕರೆಯುವ ಈ ಗುಂಡಿಮನೆಗೆ ಮುಂದುಗಡೆ ಹುಲ್ಲಿನ ಬೇರು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳ ಗೋಡೆ. ಮೇಲೆ ರೆಂಬೆ, ಹುಲ್ಲು, ಮತ್ತೆ ಮಣ್ಣು. ಮೂಲೆಯಲ್ಲೊಂದು ಒಲೆ, ಅದರ ಹೊಗೆಗೊಂದು ಕಿಂಡಿ. ಮಳೆ ಬಂದರೆ ಸೂರು ಸೋರುತ್ತಿತ್ತು, ಬಿಸಿಲು ಬಂದರೆ ಮಣ್ಣು ಉದುರುತ್ತಿತ್ತು. ಆದರೂ ಬಯಲಿನ ಹಿಮಗಾಳಿಯನ್ನು ತಡೆಯಲು ಅದಕ್ಕಿಂತ ಬೇರೆ ದಾರಿಯಿರಲಿಲ್ಲ.

ಉರುವಲಿಗೆ ಒಣಗಿದ ಸಗಣಿ, ಸೂರ್ಯಕಾಂತಿಯ ದಂಟು, ನದಿದಂಡೆಯ ಸಣ್ಣ ರೆಂಬೆ. ಉಳಲು ಕುದುರೆಗಳಿಲ್ಲ. ನೇಗಿಲಿಲ್ಲದವರು ಸನಿಕೆ, ಗುದ್ದಲಿ ಹಿಡಿದು ನೆಲ ಕೆದಕಿದರು. ಈ ಹುಲ್ಲುಬಯಲಿನ ಬೇರುಜಾಲ ಸಾವಿರಾರು ವರ್ಷ ಹೆಣೆದುಕೊಂಡದ್ದು. ಕಬ್ಬಿಣದ ನೇಗಿಲಿಗೇ ಸುಲಭಕ್ಕೆ ಮಣಿಯದ ನೆಲವನ್ನು ಗುದ್ದಲಿಯಲ್ಲಿ ತೆರೆದವರ ತೋಳಿನ ಶಕ್ತಿಯನ್ನು ನಾನು ಬಹಳ ಹೊತ್ತು ಯೋಚಿಸಿದ್ದೇನೆ. ಆ ಮೊದಲ ವರ್ಷ ಒಂದೊಂದು ಸಂಸಾರ ಉತ್ತು ಬಿತ್ತಿದ ನೆಲ ಬಹಳ ಕಡಿಮೆ.

ಗಂಡಸರು ಕೆಲಸ ಅರಸಿ ರೈಲು ಹಳಿ ಹಾಕುವ ಕಡೆಗೆ, ಪೂರ್ವ ಕ್ಯಾನ್ಸಸ್‌ನ ಹೊಲಗಳಿಗೆ ನಡೆದೇ ಹೋಗುತ್ತಿದ್ದರು. ಹೆಂಗಸರೂ ಮಕ್ಕಳೂ ಗುಂಡಿಮನೆ ಕಾಯುತ್ತಿದ್ದರು. ಅಂಥದೇ ಒಂದು ಗುಂಡಿಮನೆಯಲ್ಲಿ ಎಮ್ಮಾ ವಿಲಿಯಮ್ಸ್ ಎಂಬಾಕೆ ಹೆನ್ರಿಯನ್ನು ಹೆತ್ತರು. ನಿಕೋಡೀಮಸ್‌ನಲ್ಲಿ ಹುಟ್ಟಿದ ಮೊದಲ ಮಗು ಅದು.

ಆ ಚಳಿಗಾಲದಲ್ಲಿ ಊಟವೇ ಇರಲಿಲ್ಲ. ಬೇಟೆ ಮುಗಿಸಿ ಹಿಂದಿರುಗುತ್ತಿದ್ದ ಓಸೇಜ್ ಬುಡಕಟ್ಟಿನವರು ತಮ್ಮ ಮಾಂಸದಲ್ಲಿ ಪಾಲು ಕೊಟ್ಟು ಹೋದರೆಂದು ಊರಿನ ಹಿರಿಯರು ಮಕ್ಕಳಿಗೆ, ಮಕ್ಕಳು ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಕ್ಯಾನ್ಸಸ್‌ನ ತಮ್ಮ ನೆಲವನ್ನು ಸರ್ಕಾರಕ್ಕೆ ಕಳೆದುಕೊಂಡು ಓಕ್ಲಹೋಮಾ ಕಡೆಗೆ ಸರಿಯಬೇಕಾಗಿ ಬಂದಿದ್ದ ಜನ ಆ ಓಸೇಜರು. ನೆಲ ಕಳೆದುಕೊಂಡವರು ನೆಲ ಹುಡುಕಿ ಬಂದವರಿಗೆ ಉಣಬಡಿಸಿದ ಪ್ರಸಂಗ ಇದು.

ಊರಿನ ಪ್ರತಿನಿಧಿಗಳು ಬೇರೆ ಕಡೆಗಳಿಗೂ ಹೋಗಿ ಕಾಳುಕಡಿ, ಬಟ್ಟೆ, ಬಿತ್ತನೆ ಬೀಜ ಬೇಡಿ ತಂದರು. ಆದರೆ 1879ರ ಹೊತ್ತಿಗೆ, ಇನ್ನು ಹೊರಗಿನ ನೆರವು ಬೇಡ ಎಂದು ಸಭೆ ಸೇರಿ ತೀರ್ಮಾನಿಸಿದರು. ಹೊಟ್ಟೆ ತುಂಬಿದ ಮೇಲೆ ತೆಗೆದುಕೊಂಡ ತೀರ್ಮಾನ ಅಲ್ಲ ಅದು. ಹಂಗಿನ ಅನ್ನದ ರುಚಿ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ 1879ರಲ್ಲಿ ಮಿಸಿಸಿಪ್ಪಿ, ಲೂಸಿಯಾನಾ, ಟೆನೆಸಿಗಳಿಂದ ಸಾವಿರಾರು ಕರಿಯರು ಕ್ಯಾನ್ಸಸ್‌ಗೆ ಗುಳೆ ಎದ್ದು ಬಂದರು. ಇತಿಹಾಸದ ಪುಸ್ತಕಗಳಲ್ಲಿ ‘ಎಕ್ಸೋಡಸ್ಟರ್ಸ್’ ಎಂದು ಹೆಸರಾದವರು ಅವರು. ನಿಕೋಡೀಮಸ್‌ನ ಜನ ಅವರಿಗಿಂತ ಮೊದಲೇ ಬಂದು, ಮೊದಲ ಚಳಿಗಾಲ ದಾಟಿಯಾಗಿತ್ತು.

---

ಬಾಕ್ಸ್: ಊರುಂಟು, ಆಡಳಿತವಿಲ್ಲ

ಅಮೆರಿಕದ ಲೆಕ್ಕದಲ್ಲಿ ನಿಕೋಡೀಮಸ್ ಒಂದು ‘ಅನ್‌ಇನ್‌ಕಾರ್ಪೊರೇಟೆಡ್’ ಊರು. ಅಂದರೆ ಊರಿಗೆ ತನ್ನದೇ ಪುರಸಭೆಯಿಲ್ಲ, ಮೇಯರ್ ಇಲ್ಲ, ಊರ ಹೆಸರಿನಲ್ಲಿ ತೆರಿಗೆ ಹಾಕುವ ಅಧಿಕಾರವಿಲ್ಲ.

ರಸ್ತೆ, ಪೊಲೀಸು, ಜಮೀನು ದಾಖಲೆ ಎಲ್ಲವನ್ನೂ ಕೌಂಟಿ ಸರ್ಕಾರ ನೋಡಿಕೊಳ್ಳುತ್ತದೆ. ಅದರ ಕೆಳಗೆ ಟೌನ್‌ಶಿಪ್ ಎಂಬ ಸಣ್ಣ ಘಟಕವಿದೆ. ನಿಕೋಡೀಮಸ್ ಟೌನ್‌ಶಿಪ್ ಸುತ್ತಲ ಹೊಲಗಳನ್ನೂ ಒಳಗೊಂಡದ್ದು.

ಇಂಥ ಊರುಗಳು ಅಮೆರಿಕದ ಹಳ್ಳಿಗಾಡಿನ ತುಂಬ ಇವೆ. ಜನ ಚದುರಿದರೆ ನಕ್ಷೆಯಿಂದ ಹೆಸರು ಅಳಿಸಲು ಒಂದು ಸರ್ಕಾರಿ ಆದೇಶವೂ ಬೇಕಾಗುವುದಿಲ್ಲ.

---

ಗುಂಡಿಯಿಂದ ಮೇಲೆದ್ದ ಊರು

ಹೊಟ್ಟೆಗೇ ಇಲ್ಲದ ಆ ದಿನಗಳಲ್ಲಿ ಇವರು ಕಟ್ಟಿದ ಮೊದಲ ಸಂಸ್ಥೆಗಳು ಯಾವುವು? ದೇವಾಲಯ ಮತ್ತು ಶಾಲೆ. ಜೆನ್ನಿ ಫ್ಲೆಚರ್ ಎಂಬ ಹೆಣ್ಣುಮಗಳು ತನ್ನ ಮನೆಯಲ್ಲೇ ಮಕ್ಕಳನ್ನು ಕೂರಿಸಿಕೊಂಡು ಪಾಠ ಶುರುಮಾಡಿದರು. ಅವರ ಗಂಡ ಝಡ್. ಟಿ. ಫ್ಲೆಚರ್ ಅಂಚೆ, ಅಂಗಡಿ, ಹೋಟೆಲು ಎಲ್ಲದರಲ್ಲೂ ಕೈಯಾಡಿಸಿದವರು. 1879ರಲ್ಲಿ ಗ್ರಹಾಂ ಕೌಂಟಿಯ ಶಾಲಾ ಜಿಲ್ಲೆ ಸಂಖ್ಯೆ 1 ನಿಕೋಡೀಮಸ್‌ಗೇ ಸಿಕ್ಕಿತು. ಓದು ಕಲಿತರೆ ಬರೆ ಎಳೆಯುತ್ತಿದ್ದ ನಾಡಿನಿಂದ ಬಂದವರು ಹೊಸ ಕೌಂಟಿಯ ಮೊದಲ ಶಾಲೆ ತೆರೆದರು.

1880ರಲ್ಲಿ ಗ್ರಹಾಂ ಕೌಂಟಿಯ ಆಡಳಿತ ವಿಧಿವತ್ತಾಗಿ ಆರಂಭವಾಯಿತು. ಅದರ ಮೊದಲ ಗುಮಾಸ್ತ ನಿಕೋಡೀಮಸ್‌ನ ಎಡ್ವರ್ಡ್ ಮೆಕೇಬ್.

1880ರ ದಶಕದ ನಡುವಿಗೆ ಬಂದರೆ ಬೇರೆಯೇ ಊರು. ಗುಂಡಿಮನೆಗಳ ಜಾಗದಲ್ಲಿ ಹೆಂಟೆಮನೆ, ಮರದ ಮನೆ, ಸುಣ್ಣಕಲ್ಲಿನ ಕಟ್ಟಡ. ಬ್ಯಾಂಕು, ಔಷಧದ ಅಂಗಡಿ, ದಿನಸಿ ಅಂಗಡಿಗಳು, ಎರಡು ಹೋಟೆಲು, ಮೂರು ದೇವಾಲಯ. ಬಿಳಿಯ ವ್ಯಾಪಾರಿಗಳೂ ಬಂದು ನೆಲೆಸಿದರು. 1886ರಲ್ಲಿ ‘ವೆಸ್ಟರ್ನ್ ಸೈಕ್ಲೋನ್’, ಮರುವರ್ಷ ‘ನಿಕೋಡೀಮಸ್ ಎಂಟರ್‌ಪ್ರೈಸ್’. ಒಂದು ಪುಟ್ಟ ಊರಿಗೆ ಎರಡು ಪತ್ರಿಕೆ! ಅವುಗಳ ಪುಟಗಳಲ್ಲಿ ಸಾಹಿತ್ಯ ಸಂಘದ ಚರ್ಚೆ, ಬೇಸ್‌ಬಾಲ್ ಆಟ, ಯಾರ ಮನೆಗೆ ಯಾರು ಬಂದರು ಎಂಬ ವರ್ತಮಾನ. ಮತ್ತು ವಾರವಾರವೂ ರೈಲಿನ ಸುದ್ದಿ.

---

ಬಾಕ್ಸ್: ಹಳ್ಳಿಯಿಂದ ರಾಜ್ಯದ ಖಜಾನೆಯ ಲೆಕ್ಕಕ್ಕೆ

ಎಡ್ವರ್ಡ್ ಮೆಕೇಬ್ ಹುಟ್ಟಿದ್ದು 1850ರಲ್ಲಿ, ನ್ಯೂಯಾರ್ಕ್ ರಾಜ್ಯದ ಟ್ರಾಯ್‌ನಲ್ಲಿ. 1878ರಲ್ಲಿ ನಿಕೋಡೀಮಸ್‌ಗೆ ಬಂದು ಜಮೀನು ವ್ಯವಹಾರದ ಏಜೆಂಟರಾದರು.

1882ರಲ್ಲಿ ಕ್ಯಾನ್ಸಸ್ ರಾಜ್ಯದ ಲೆಕ್ಕಪರಿಶೋಧಕರಾಗಿ ಚುನಾಯಿತರಾದರು, 1884ರಲ್ಲಿ ಮತ್ತೆ ಗೆದ್ದರು. ಬಿಳಿಯರೇ ಬಹುಸಂಖ್ಯಾತರಾಗಿದ್ದ ರಾಜ್ಯವೊಂದರಲ್ಲಿ ಇಡೀ ರಾಜ್ಯದ ಮತದಿಂದ ಅಂಥ ಹುದ್ದೆಗೆ ಕರಿಯರೊಬ್ಬರು ಏರಿದ್ದು ಆ ಕಾಲಕ್ಕೆ ಬಲು ಅಪರೂಪ.

ಮುಂದೆ ಓಕ್ಲಹೋಮಾಕ್ಕೆ ಹೋಗಿ 1890ರಲ್ಲಿ ಲ್ಯಾಂಗ್‌ಸ್ಟನ್ ಎಂಬ ಕರಿಯರ ಪಟ್ಟಣ ಕಟ್ಟಲು ಮುಂದಾಳಾದರು. ತೀರಿಕೊಂಡದ್ದು 1920ರಲ್ಲಿ.

---

ನದಿಯಾಚೆ ನಿಂತ ಹಳಿ

ಆ ಕಾಲದ ಬಯಲುಸೀಮೆಯಲ್ಲಿ ರೈಲು ಬಂದರೆ ಊರು, ಬರದಿದ್ದರೆ ಹಾಳು. ಗೋಧಿ ಪೇಟೆಗೆ ಹೋಗಬೇಕು, ಮರದ ಹಲಗೆ, ಕಲ್ಲಿದ್ದಲು, ಸಕ್ಕರೆ ಬರಬೇಕು. ಇದನ್ನು ಎತ್ತಿನ ಗಾಡಿಯಲ್ಲಿ ಎಷ್ಟು ದಿನ ನಡೆಸಲಾದೀತು?

ಮಿಸೌರಿ ಪೆಸಿಫಿಕ್ ಕಂಪನಿಯ ಹಳಿ ಇತ್ತ ಬರುವ ಸುಳಿವು ಸಿಕ್ಕಿತು. 1887ರಲ್ಲಿ ಟೌನ್‌ಶಿಪ್‌ನ ಮತದಾರರು ಅದಕ್ಕಾಗಿ 16,000 ಡಾಲರ್ ಬಾಂಡ್ ಎತ್ತಲು ಒಪ್ಪಿದರು. ಹತ್ತು ವರ್ಷದ ಹಿಂದೆ ಗುದ್ದಲಿ ಹಿಡಿದು ನೆಲ ಕೆದಕಿದ ಜನ ತಮ್ಮ ಮೇಲೆ ತಾವೇ ಹೊತ್ತುಕೊಳ್ಳಲು ಸಿದ್ಧರಾದ ಸಾಲ ಅದು. ಆದರೆ ಕಂಪನಿಯೊಂದಿಗಿನ ಮಾತುಕತೆ ಮುರಿದುಬಿತ್ತು. ಯೂನಿಯನ್ ಪೆಸಿಫಿಕ್ ಮಾರ್ಗವಾದರೂ ಬಂದೀತೆಂದು ಕಾದರು. 1888ರಲ್ಲಿ ಅದು ಬಂತು, ಆದರೆ ಸಾಲೊಮನ್ ನದಿಯ ಆಚೆ ದಡದಲ್ಲಿ. ನಿಕೋಡೀಮಸ್ ಇದ್ದದ್ದು ಈಚೆ.

ಹಳಿ ಹಾಕುವ ಕೂಲಿಗಳ ಡೇರೆಗಳಿದ್ದ ಜಾಗವೇ ಬೋಗ್ ಎಂಬ ಊರಾಯಿತು. ನಿಕೋಡೀಮಸ್‌ನ ಅಂಗಡಿಕಾರರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ನದಿ ದಾಟಿದರು. ಊರು ಬಿಡಬೇಡಿ ಎಂದು ಪತ್ರಿಕೆಗಳು ಅಂಗಲಾಚಿದವು, ಆಮೇಲೆ ಪತ್ರಿಕೆಗಳೂ ನಿಂತವು. ಕಣ್ಣೆದುರೇ ಇಂಜಿನ್ ಕೂಗುತ್ತದೆ, ಆದರೆ ನಿಲ್ದಾಣ ನಮ್ಮದಲ್ಲ.

ಅಂದಿನ ಕ್ಯಾನ್ಸಸ್‌ನಲ್ಲಿ ರೈಲು ತಪ್ಪಿದ ಊರುಗಳು ಸಾಲುಸಾಲಾಗಿ ಹೇಳಹೆಸರಿಲ್ಲದಂತಾದವು. ನಿಕೋಡೀಮಸ್‌ಗೂ ಅದೇ ಗತಿ ಬರಬೇಕಿತ್ತು. ಬರಲಿಲ್ಲ. ಏಕೆ ಬರಲಿಲ್ಲ ಎಂಬುದೇ ಈ ಊರಿನ ಇತಿಹಾಸದ ತಿರುಳು ಎಂದು ನನಗನ್ನಿಸುತ್ತದೆ. ನದಿ ದಾಟಿ ಹೋದದ್ದು ಅಂಗಡಿ ಬೀದಿ. ಸುತ್ತಲಿನ ಒಕ್ಕಲುಗಳು ಹೋಗಲಿಲ್ಲ. ಐದು ವರ್ಷ ಹಸಿದು ಪಡೆದ ಜಮೀನಿನ ಪತ್ರ ಅವರ ಪೆಟ್ಟಿಗೆಯಲ್ಲಿತ್ತು. ಹೊಲ ಇದ್ದಲ್ಲಿ ಅವರಿದ್ದರು, ಭಾನುವಾರ ಸೇರಲು ದೇವಾಲಯವಿತ್ತು, ಮಕ್ಕಳಿಗೆ ಶಾಲೆಯಿತ್ತು, ಸತ್ತರೆ ಮಲಗಲು ಅಜ್ಜಅಜ್ಜಿಯರ ಮಗ್ಗುಲಿತ್ತು. ಪೇಟೆ ಹೋದ ಮೇಲೂ ಉಳಿಯುವ ಊರೆಂದರೆ ಇಷ್ಟೇ. 1907ರಲ್ಲಿ ಬ್ಯಾಪ್ಟಿಸ್ಟರು ಹೊಸ ಕಲ್ಲಿನ ಚರ್ಚು ಕಟ್ಟಿದರು, 1918ರಲ್ಲಿ ಹೊಸ ಶಾಲೆ ಎದ್ದಿತು. ಅಳಿಯುತ್ತಿರುವ ಊರಿನ ಲಕ್ಷಣ ಅಲ್ಲ ಅದು.

ಧೂಳಿನ ದಶಕ

ರೈಲಿಗೆ ಸೋಲದ ಊರನ್ನು ಬಗ್ಗಿಸಿದ್ದು ಆಕಾಶ. 1930ರ ದಶಕದ ಬರಗಾಲ, ಜೊತೆಗೆ ದೇಶವನ್ನೇ ಕೆಡವಿದ ಆರ್ಥಿಕ ಕುಸಿತ. ಹುಲ್ಲಿನ ಬೇರು ಕಿತ್ತು ಉತ್ತ ನೆಲ ಧೂಳಾಗಿ ಮೇಲೆದ್ದಿತು. ಹಗಲಿಗೇ ದೀಪ ಹಚ್ಚಿಕೊಂಡು, ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ ಬದುಕಿದ ವರ್ಷಗಳು. 1936ರ ಜುಲೈ 24ರಂದು ಇಲ್ಲಿಂದ ಪೂರ್ವಕ್ಕೆ ಸುಮಾರು 60 ಕಿಲೋಮೀಟರ್ ದೂರದ ಆಲ್ಟನ್‌ನಲ್ಲಿ 121 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 49 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬಿಸಿಲು ದಾಖಲಾಯಿತು. ಕ್ಯಾನ್ಸಸ್‌ನ ದಾಖಲೆಯಲ್ಲಿ ಅದಕ್ಕೆ ಮೀರಿದ ಬಿಸಿಲಿಲ್ಲ.

ಪೊವೆಲ್‌ನ ಎಚ್ಚರಿಕೆ ಅರ್ಧ ಶತಮಾನ ತಡವಾಗಿ ನಿಜವಾಗುತ್ತಿತ್ತು. 160 ಎಕರೆ ಸಾಲಲಿಲ್ಲ.

ಆ ಕಷ್ಟಕಾಲದಲ್ಲೇ ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯಲ್ಲಿ ಸುಣ್ಣಕಲ್ಲಿನ ಟೌನ್‌ಶಿಪ್ ಹಾಲ್ ಎದ್ದಿತು, 1939ರಲ್ಲಿ ಮುಗಿಯಿತು. ಕಲ್ಲು ಸ್ಥಳೀಯ, ಕೈಯೂ ಸ್ಥಳೀಯ. ಆದರೆ ಕಟ್ಟಡ ಮುಗಿಯುವಷ್ಟರಲ್ಲಿ ಅದರೊಳಗೆ ಕೂರುವವರು ಡೆನ್ವರ್, ಟೊಪೀಕಾ, ಕ್ಯಾಲಿಫೋರ್ನಿಯಾ ಎಂದು ಕೆಲಸ ಅರಸಿ ಹೊರಟಿದ್ದರು. ಎರಡನೆಯ ಮಹಾಯುದ್ಧ ಇನ್ನಷ್ಟು ಮಂದಿಯನ್ನು ಕರೆದೊಯ್ದಿತು. 1953ರಲ್ಲಿ ಅಂಚೆ ಕಚೇರಿ ಮುಚ್ಚಿತು. ಕೆಲವು ವರ್ಷಕ್ಕೆ ಶಾಲೆಯ ಬಾಗಿಲೂ ಹಾಕಿತು.

ಆ ಶಾಲೆಯಲ್ಲಿ ಕಲಿತವರಲ್ಲಿ ವೆರಿಲ್ ಸ್ವಿಟ್ಜರ್ ಒಬ್ಬರು. 1932ರಲ್ಲಿ ಇಲ್ಲೇ ಹುಟ್ಟಿದವರು. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಾರೆಯಾಗಿ, 1954ರ ವೃತ್ತಿಪರ ಲೀಗ್‌ನ ಆಯ್ಕೆಯಲ್ಲಿ ನಾಲ್ಕನೆಯವರಾಗಿ ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಸೇರಿದರು. ಆಟ ಮುಗಿಸಿ ಅದೇ ವಿಶ್ವವಿದ್ಯಾಲಯದಲ್ಲಿ ಆಡಳಿತಗಾರರಾದರು. ಆದರೂ ಊರಿನ ಬೇಸಾಯವನ್ನು ಕೈಬಿಡಲಿಲ್ಲ. 2022ರಲ್ಲಿ ತೀರಿಕೊಂಡರು.

ಜುಲೈಯ ಜಾತ್ರೆ

ಜುಲೈ ಎಂದರೆ ಗೋಧಿ ಕೊಯ್ಲು ಮುಗಿದು, ಕೂಳೆ ನಿಂತ ಹೊಲಗಳು ಹೊಂಬಣ್ಣಕ್ಕೆ ತಿರುಗಿರುವ ಕಾಲ. ಜುಲೈ ಕೊನೆಯ ವಾರಾಂತ್ಯ ಬಂತೆಂದರೆ 24ನೇ ಹೆದ್ದಾರಿಯಲ್ಲಿ ಹೊರರಾಜ್ಯದ ನಂಬರ್ ಪ್ಲೇಟಿನ ಕಾರುಗಳ ಸಾಲು. ಹದಿನಾಲ್ಕು ಜನರ ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಈ ಹಬ್ಬಕ್ಕೆ ಊರಿನಷ್ಟೇ ವಯಸ್ಸು. ಬ್ರಿಟಿಷ್ ವೆಸ್ಟ್ ಇಂಡೀಸ್‌ನ ಗುಲಾಮರು 1834ರ ಆಗಸ್ಟ್ 1ರಂದು ಬಿಡುಗಡೆಯಾದ ನೆನಪಿಗೆ ಇಲ್ಲಿ ಬಿಡುಗಡೆಯ ದಿನ ಆಚರಿಸಲು ಆರಂಭಿಸಿದ್ದು 1878ರಲ್ಲಿ. ನೆಲದಡಿಯ ಮೊದಲ ಚಳಿಗಾಲ ಕಳೆದು ಇನ್ನೂ ಬೆಳೆ ಕೈಗೆ ಬಾರದಿದ್ದ ವರ್ಷ! ಹಿಂದೆ ನದಿದಂಡೆಯ ತೋಪಿನಲ್ಲಿ ಆಟ, ಕುಣಿತ, ಬೇಸ್‌ಬಾಲ್. ‘ನಿಕೋಡೀಮಸ್ ಬ್ಲೂಸ್’ ಎಂಬ ಊರಿನದೇ ತಂಡಕ್ಕೆ ಸುತ್ತಮುತ್ತ ಹೆಸರಿತ್ತು.

ಈಗ ಅದು ‘ಹೋಮ್‌ಕಮಿಂಗ್’. ಬೀದಿಯಲ್ಲಿ ಮೆರವಣಿಗೆ, ಬಫಲೋ ಸೋಲ್ಜರ್ಸ್ ಎಂದು ಹೆಸರಾದ ಕರಿಯ ಅಶ್ವದಳದ ವೇಷ ತೊಟ್ಟ ಸವಾರರು, ಟೌನ್‌ಶಿಪ್ ಹಾಲಿನಲ್ಲಿ ಊಟ, ಭಾನುವಾರ ಪ್ರಾರ್ಥನೆ. ಇಲ್ಲಿ ಒಂದು ದಿನವೂ ವಾಸ ಮಾಡದ, ನಾಲ್ಕನೆಯ ಐದನೆಯ ತಲೆಮಾರಿನ ಹುಡುಗರೂ ಇದನ್ನೇ ತಮ್ಮೂರು ಎನ್ನುತ್ತಾರೆ. ಜನಗಣತಿಯ ನಮೂನೆಯಲ್ಲಿ ಇವರನ್ನು ಎಣಿಸುವ ಕಾಲಂ ಇಲ್ಲ.

ಊರಿನ ನೆನಪನ್ನು ಕಾಪಾಡಲು ಪಟ್ಟುಹಿಡಿದವರಲ್ಲಿ ಏಂಜೆಲಾ ಬೇಟ್ಸ್ ಮುಖ್ಯರು. ಮೂಲ ವಲಸಿಗರ ವಂಶದವರು. ಊರಿನ ಇತಿಹಾಸ ಸಂಘ ಕಟ್ಟಿ, ಹಿರಿಯರ ಮಾತು ದಾಖಲಿಸಿ, ವಾಷಿಂಗ್ಟನ್‌ವರೆಗೂ ದನಿ ಮುಟ್ಟಿಸಿದರು. 1976ರಲ್ಲೇ ರಾಷ್ಟ್ರೀಯ ಹೆಗ್ಗುರುತಿನ ಪಟ್ಟ ಸಿಕ್ಕಿತ್ತು. 1996ರ ನವೆಂಬರ್ 12ರಂದು ಊರು ರಾಷ್ಟ್ರೀಯ ಚಾರಿತ್ರಿಕ ತಾಣವಾಗಿ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಆರೈಕೆಗೆ ಬಂತು. ಅಂತರ್ಯುದ್ಧದ ನಂತರದ ಪುನರ್‌ನಿರ್ಮಾಣದ ಕಾಲದಲ್ಲಿ ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಕರಿಯರು ಕಟ್ಟಿದ ಊರುಗಳ ಪೈಕಿ ಇಂದಿಗೂ ಉಳಿದಿರುವುದು ಇದೊಂದೇ ಎಂಬುದು ಆ ಸಂಸ್ಥೆಯ ಮಾತು.

---

ಬಾಕ್ಸ್: ಉಳಿದ ಐದು ಕಟ್ಟಡ

ಸೇಂಟ್ ಫ್ರಾನ್ಸಿಸ್ ಹೋಟೆಲ್: 1880ರ ಆಸುಪಾಸು. ಫ್ಲೆಚರ್ ದಂಪತಿಯ ಮನೆ, ಅಂಚೆ ಕಚೇರಿ, ತಂಗುದಾಣ ಎಲ್ಲವೂ ಆಗಿತ್ತು.

ಎ.ಎಂ.ಇ. ಚರ್ಚ್: 1885ರಲ್ಲಿ ಎದ್ದ ಕಲ್ಲಿನ ಕಟ್ಟಡ, 1910ರಲ್ಲಿ ಆಫ್ರಿಕನ್ ಮೆಥಡಿಸ್ಟರ ಕೈಗೆ ಬಂತು.

ಮೊದಲ ಬ್ಯಾಪ್ಟಿಸ್ಟ್ ಚರ್ಚ್: 1907.

ಶಾಲೆ: 1918. ಹಳೆಯ ಕಟ್ಟಡ ಹೋದ ಮೇಲೆ ಕಟ್ಟಿದ್ದು.

ಟೌನ್‌ಶಿಪ್ ಹಾಲ್: 1939. ಸಂದರ್ಶಕರಿಗೆ ಊರಿನ ಕಥೆ ಹೇಳುವ ಕೇಂದ್ರವಾಯಿತು.

---

ಹೊಲ ಯಾರದು?

ಕಟ್ಟಡಗಳಿಗೆ ಕಾವಲು ಸಿಕ್ಕಿದೆ. ಎ.ಎಂ.ಇ. ಚರ್ಚಿನ ಗೋಡೆಗಳು ಈಚಿನ ವರ್ಷಗಳಲ್ಲಿ ದುರಸ್ತಿ ಕಂಡಿವೆ. ಇದು ಸಂತೋಷದ ಸಂಗತಿ. ಆದರೆ ಊರನ್ನು 1888ರಲ್ಲಿ ಉಳಿಸಿದ್ದು ಕಟ್ಟಡಗಳಲ್ಲ, ಸುತ್ತಲಿನ ಹೊಲ. ಚಾರಿತ್ರಿಕ ತಾಣದ ರಕ್ಷಣೆ ಆ ಹೊಲಗಳವರೆಗೆ ಹೋಗುವುದಿಲ್ಲ.

ಅಮೆರಿಕದಲ್ಲಿ 1920ರಲ್ಲಿ 9 ಲಕ್ಷ 25 ಸಾವಿರ ಕರಿಯ ರೈತರಿದ್ದರು. 2017ರ ಕೃಷಿ ಗಣತಿಯಲ್ಲಿ ಸಿಕ್ಕವರು 50 ಸಾವಿರಕ್ಕೂ ಕಡಿಮೆ. ಬರ, ಯಂತ್ರ, ನಗರದ ಸೆಳೆತ ಎಲ್ಲ ಬಿಳಿಯ ರೈತರನ್ನೂ ಹೊಡೆದವು. ಆದರೆ ಕರಿಯ ರೈತರಿಗೆ ಇನ್ನೊಂದು ಏಟು ಬಿತ್ತು. ಬಿತ್ತನೆಯ ಹೊತ್ತಿಗೆ ಸರ್ಕಾರಿ ಸಾಲ ಕೇಳಿ ಹೋದರೆ ಅರ್ಜಿ ವಿಲೇವಾರಿ ಆಗುತ್ತಿದ್ದುದು ಕೊಯ್ಲಿನ ಹೊತ್ತಿಗೆ, ಅಥವಾ ಆಗುತ್ತಲೇ ಇರಲಿಲ್ಲ ಎಂದು ದೇಶದ ಉದ್ದಗಲಕ್ಕೆ ದೂರುಗಳಿದ್ದವು. 1997ರಲ್ಲಿ ಕೃಷಿ ಇಲಾಖೆಯ ಮೇಲೆ ‘ಪಿಗ್‌ಫರ್ಡ್’ ಎಂದೇ ಹೆಸರಾದ ಸಾಮೂಹಿಕ ಮೊಕದ್ದಮೆ ಬಿತ್ತು. 1981ರಿಂದ 1996ರ ನಡುವಿನ ತಾರತಮ್ಯಕ್ಕೆ ಪರಿಹಾರ ಕೊಡುವ ಒಪ್ಪಂದಕ್ಕೆ 1999ರಲ್ಲಿ ನ್ಯಾಯಾಲಯ ಮುದ್ರೆ ಒತ್ತಿತು. ಸಾಲ ಸಿಗದೆ ಜಮೀನು ಕೈಬಿಟ್ಟವರಿಗೆ ಪರಿಹಾರದ ಹಣ ಬಂದರೂ ಜಮೀನು ಮರಳಿ ಬರಲಿಲ್ಲ.

ಆ ಹೊತ್ತಿನಲ್ಲೇ ನಿಕೋಡೀಮಸ್ ಸುತ್ತಲಿನ ರೈತರು ಕ್ಯಾನ್ಸಸ್ ಕರಿಯ ರೈತರ ಸಂಘ ಕಟ್ಟಿಕೊಂಡರು. ಗೋಧಿಯ ಬೆಲೆಯನ್ನು ನಂಬಿ ಸಣ್ಣ ಹಿಡುವಳಿ ನಡೆಯದು ಎಂಬುದು ಅವರಿಗೆ ಗೊತ್ತಿತ್ತು. 2000ರ ದಶಕದ ಆರಂಭದಲ್ಲಿ ಅವರಲ್ಲಿ ಕೆಲವರು ಹೊಸ ಬೆಳೆಯೊಂದಕ್ಕೆ ಕೈ ಹಾಕಿದರು. ಅದು ಟೆಫ್, ಇಥಿಯೋಪಿಯಾದ ಕಾಳು. ನಮ್ಮ ರಾಗಿಗಿಂತಲೂ ಎಷ್ಟೋ ಸಣ್ಣದು. ಅದರ ಹಿಟ್ಟನ್ನು ಹುಳಿ ಬರಿಸಿ ಹುಯ್ಯುವ ದೋಸೆಯಂಥ ಇಂಜೆರಾ ಅಲ್ಲಿನ ದಿನದ ಊಟ. ಬರ ತಡೆಯುವ ಬೆಳೆ, ಗ್ಲುಟೆನ್ ಇಲ್ಲದ ಹಿಟ್ಟು, ಅಮೆರಿಕದ ನಗರಗಳಲ್ಲಿ ನೆಲೆಸಿದ ಇಥಿಯೋಪಿಯನ್ನರೇ ಗಿರಾಕಿಗಳು.

ಆಫ್ರಿಕಾದಿಂದ ಸಂಕೋಲೆಯಲ್ಲಿ ಬಂದವರ ವಂಶದವರು ಅದೇ ಖಂಡದ ಕಾಳನ್ನು ನೂರನೆಯ ರೇಖಾಂಶದ ಒಣ ಮಣ್ಣಿಗೆ ಬಿತ್ತಿದರು. ಮಾರುಕಟ್ಟೆ ಸಣ್ಣದು, ಸಂಸ್ಕರಣೆಯ ಗಿರಣಿ ದೂರ, ಕಾಳು ಧೂಳಿನಂತೆ ಸೋರಿಹೋಗುವುದರಿಂದ ಕೊಯ್ಲು ಕಷ್ಟ. ಗೋಧಿಯನ್ನು ಅದು ಪಕ್ಕಕ್ಕೆ ತಳ್ಳಲಿಲ್ಲ.

2027ರ ಜುಲೈಗೆ ಬರುವವರ ಸಂಖ್ಯೆ ಎಂದಿಗಿಂತ ದೊಡ್ಡದಿರಬಹುದು. ಮೆರವಣಿಗೆ, ಭಾಷಣ, ಫಲಕ ಎಲ್ಲ ಆಗುತ್ತದೆ, ಆಗಲೇಬೇಕು. ಅಷ್ಟೇ ತುರ್ತಾಗಿ ಆಗಬೇಕಾದದ್ದು ಹಿಲ್ ಸಿಟಿಯ ಕೌಂಟಿ ಕಚೇರಿಯ ಭೂದಾಖಲೆಗಳಲ್ಲಿದೆ. 1877ರವರ ಮೊಮ್ಮಕ್ಕಳು ಮರಿಮೊಮ್ಮಕ್ಕಳ ಹೆಸರಿನಲ್ಲಿ ಇನ್ನೂ ಎಷ್ಟು ಎಕರೆ ಉಳಿದಿದೆ, ಅದರಲ್ಲಿ ಎಷ್ಟನ್ನು ಅವರೇ ಉಳುತ್ತಿದ್ದಾರೆ, ಎಷ್ಟು ಗುತ್ತಿಗೆಯಲ್ಲಿದೆ, ಡೆನ್ವರ್‌ನಲ್ಲೋ ಟೊಪೀಕಾದಲ್ಲೋ ಇರುವ ವಾರಸುದಾರರು ಪಾಲು ಮಾರದೆ ಉಳಿಸಿಕೊಳ್ಳಲು ಯಾವ ಸಾಲ, ಯಾವ ಕಾನೂನಿನ ನೆರವು ಬೇಕು ಎಂಬುದರ ಪಟ್ಟಿ ಮೊದಲು ತಯಾರಾಗಬೇಕು.